ಕೊವೆನ್
ವಿಕ್ಕಾ ಎಂಬ ಆಧುನಿಕ ಪೇಗನ್ ಪಂಥದವರು ಒಟ್ಟಾಗಿ ಆರಾಧನೆ, ವಿಧಿಗಳನ್ನು ನಡೆಸುವ ಸಣ್ಣ ಕೂಟ. ವಾಡಿಕೆಯಲ್ಲಿ 13 ಜನ. ಅನೇಕ ಕೂಟಗಳು ಇದಕ್ಕಿಂತ ಚಿಕ್ಕವು. ಇಂಗ್ಲೆಂಡಿನಲ್ಲಿ ಜೆರಾಲ್ಡ್ ಗಾರ್ಡ್‌ನರ್ 1940ರ ದಶಕದಲ್ಲಿ ಕಟ್ಟಿದ ಬ್ರಿಕೆಟ್ ವುಡ್ ಕೊವೆನ್ ಪ್ರಸಿದ್ಧ. 1951ರಲ್ಲಿ ಅಲ್ಲಿನ ವಿಚ್‌ಕ್ರಾಫ್ಟ್ (ಮಾಟಗಾರಿಕೆ) ಕಾಯ್ದೆ ರದ್ದಾದ ಮೇಲೆ ಗಾರ್ಡ್‌ನರ್ ಈ ಪಂಥದ ಬಗ್ಗೆ ಬಹಿರಂಗವಾಗಿ ಬರೆದರು. 1953ರಲ್ಲಿ ಅವರಿಂದ ದೀಕ್ಷೆ ಪಡೆದ ಡೊರೀನ್ ವ್ಯಾಲಿಯೆಂಟೆ ವಿಧಿಪಠ್ಯಗಳನ್ನು ತಿದ್ದಿ ಬರೆದು ಅವಕ್ಕೆ ಕಾವ್ಯಗುಣ ತುಂಬಿದರು. ವಿಕ್ಕಾದ ಇಂದಿನ ರೂಪದಲ್ಲಿ ವ್ಯಾಲಿಯೆಂಟೆ ಅವರ ಪಾಲು ದೊಡ್ಡದು.

ಗಾರ್ಡ್‌ನರ್ ಪರಂಪರೆಯಲ್ಲಿ ಸೇರ್ಪಡೆ ದೀಕ್ಷೆಯಿಂದಲೇ. ಸಾಮಾನ್ಯವಾಗಿ ಒಂದು ವರ್ಷ ಒಂದು ದಿನದ ಕಲಿಕೆಯ ನಂತರ ಪುರುಷನಿಗೆ ಸ್ತ್ರೀ, ಸ್ತ್ರೀಗೆ ಪುರುಷ ದೀಕ್ಷೆ ಕೊಡುವುದು ಕ್ರಮ. ಒಟ್ಟು ಮೂರು ಹಂತಗಳು. ಮೂರನೆಯದನ್ನು ಮುಟ್ಟಿದವರು, ಜೇನುಹಿಂಡು ಕವಲೊಡೆದಂತೆ, ಬೇರೆಯಾಗಿ ಹೊಸ ಕೊವೆನ್ ಕಟ್ಟಬಹುದು. ದೀಕ್ಷೆಗೆ ಹಣ ಕೇಳುವುದು ಈ ಪರಂಪರೆಯಲ್ಲಿ ನಿಷಿದ್ಧ.