ತರಗತಿಯಲ್ಲಿ ವಿಡಿಯೋ ಪಾಠ: ಭದ್ರಾವತಿಯ ಬಾನುಲಿಯಿಂದ ಕ್ಯೂಆರ್ ಕೋಡ್‌ವರೆಗೆ

ಪಾಠದ ನಡುವೆ ವಿಡಿಯೋ, ಅನಿಮೇಶನ್, ಸಿಮ್ಯುಲೇಶನ್, ರಸಪ್ರಶ್ನೆಗಳನ್ನು ಬಳಸುವುದು ಇಂದು ಸರ್ಕಾರಿ ಶಾಲೆಗಳಲ್ಲೂ ರೂಢಿಗೆ ಬಂದಿದೆ. ಮೊಬೈಲು, ಪ್ರೊಜೆಕ್ಟರು, ಸ್ಮಾರ್ಟ್ ಟಿವಿಗಳಲ್ಲಿ ಯಾವುದಿದ್ದರೂ ಪಾಠ ತೋರಿಸಬಹುದು. ಆದರೆ ತೋರಿಸಿದ ಮಾತ್ರಕ್ಕೆ ಕಲಿಸಿದಂತಾಗುವುದಿಲ್ಲ. ತಕ್ಕ ಜಾಗದಲ್ಲಿ ವಿಡಿಯೋ ನಿಲ್ಲಿಸಿ ಮಕ್ಕಳನ್ನು ಮಾತಾಡಿಸಿದಾಗಲೇ ಅದು ಪಾಠವಾಗುತ್ತದೆ. ಕರ್ನಾಟಕದ ಶಾಲೆಗಳು ಈ ಮಾತನ್ನು ಇಂದಿನ ವಿಡಿಯೋಗಳಿಗಿಂತ ಮೊದಲೇ ರೇಡಿಯೋದಿಂದ ಕಲಿತಿದ್ದವು.

ಬಾನುಲಿ ಪಾಠದ ಕಾಲ

ಆಕಾಶವಾಣಿಯ ಭದ್ರಾವತಿ ಕೇಂದ್ರ ಆರಂಭವಾದದ್ದು 1965ರಲ್ಲಿ. ಮಲೆನಾಡು ಮತ್ತು ಅರೆಮಲೆನಾಡಿನ ಮನೆಗಳಿಗೆ ಸುದ್ದಿ, ಹಾಡು, ಕೃಷಿ ಮಾಹಿತಿಯನ್ನು ಮುಟ್ಟಿಸಿದ ಕೇಂದ್ರವಿದು. 2000ರ ದಶಕದಲ್ಲಿ ರಾಜ್ಯದ ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ‘ಚಿಣ್ಣರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಬಾನುಲಿ ಪಾಠಗಳನ್ನು ರೂಪಿಸಿತು. ರಾಜ್ಯದ ಆಕಾಶವಾಣಿ ಕೇಂದ್ರಗಳು ಅವನ್ನು ಪ್ರಾಥಮಿಕ ಶಾಲೆಗಳಿಗೆಂದೇ ಪ್ರಸಾರ ಮಾಡಿದವು.

ಇಂಥ ಪಾಠದ ವಿಶೇಷ ಅದರೊಳಗಿನ ಬಿಡುವಿನಲ್ಲಿತ್ತು. ರೇಡಿಯೋದ ಪಾತ್ರ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಮಕ್ಕಳು ಒಟ್ಟಾಗಿ ಉತ್ತರ ಹೇಳುತ್ತಾರೆ, ಎದ್ದು ಕುಣಿಯುತ್ತಾರೆ, ಲೆಕ್ಕ ಬಿಡಿಸುತ್ತಾರೆ. ಆಮೇಲೆ ಸರಿ ಉತ್ತರ ಕೇಳಿಬರುತ್ತದೆ. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ಗಣಿತ ಕಲಿಸಲು ಮೊದಲು ಬಳಸಿದ ಕ್ರಮವಿದು. ಕೇಳುವವರು ಬರಿದೇ ಕೂತಿರಬಾರದು ಎಂಬುದೇ ಅದರ ತಿರುಳು.

ಉಪಗ್ರಹ ಮತ್ತು ಟಿವಿ

1975ರ ಆಗಸ್ಟ್‌ನಿಂದ ಒಂದು ವರ್ಷ ಭಾರತದಲ್ಲಿ ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಹಗಲು ಶಾಲಾಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಮೊದಲಿಗೆ ಕಂಡವು.

ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಟಿವಿ ಮತ್ತೆ ನೆರವಿಗೆ ಬಂತು. 2020ರ ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ‘ಸಂವೇದ’ ಪಾಠಗಳು ಆರಂಭವಾದವು. ಪರದೆಯ ಮುಂದೆ ಒಂಟಿಯಾಗಿ ಕೂತ ಮಗುವಿಗೆ ಅರ್ಥವಾಗದ್ದನ್ನು ಕೇಳಲು ಎದುರಿಗೆ ಯಾರೂ ಇರಲಿಲ್ಲ. ಅದಕ್ಕೇ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರು, ಟೀಚರುಗಳು ದೇವಸ್ಥಾನದ ಅಂಗಳ, ಮರದ ನೆರಳು, ಸಮುದಾಯ ಭವನಗಳಲ್ಲಿ ವಠಾರ ಶಾಲೆ ನಡೆಸಿದರು. ತಂತ್ರಜ್ಞಾನ ಎಲ್ಲಿ ನಿಲ್ಲುತ್ತದೆ, ಶಿಕ್ಷಕರು ಎಲ್ಲಿಂದ ಮುಂದುವರಿಸಬೇಕಾಗುತ್ತದೆ ಎಂಬುದು ಆ ವರ್ಷ ಎಲ್ಲರಿಗೂ ಮನದಟ್ಟಾಯಿತು.

ಪುಸ್ತಕದೊಳಗಿನ ಕ್ಯೂಆರ್ ಕೋಡ್

ಕೇಂದ್ರ ಸರ್ಕಾರದ ‘ದೀಕ್ಷಾ’ ವೇದಿಕೆ 2017ರ ಸೆಪ್ಟೆಂಬರ್ 5ರಂದು ಶುರುವಾಯಿತು. ಕರ್ನಾಟಕದ ಪಠ್ಯಪುಸ್ತಕಗಳ ಪಾಠಗಳಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ್ದೇ ವಿಡಿಯೋ, ಅಭ್ಯಾಸ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಹುಡುಕಾಟದ ಅಲೆದಾಟವಿಲ್ಲ, ನಡುವೆ ಜಾಹೀರಾತಿಲ್ಲ.

ಶಿಕ್ಷಕರು ತಾವೇ ಸಿದ್ಧಪಡಿಸಿದ ಕನ್ನಡ ಸಾಮಗ್ರಿಯೂ ಇದೆ. ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಬೆಳೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣದಲ್ಲಿ ಪ್ರೌಢಶಾಲಾ ಶಿಕ್ಷಕರು ಬರೆದ, ತಿದ್ದಿದ ಪಾಠಗಳಿವೆ. ಮುಕ್ತ ಪರವಾನಗಿಯ ಇಂಥ ಸಾಮಗ್ರಿಯನ್ನು ಯಾರು ಬೇಕಾದರೂ ಇಳಿಸಿಕೊಂಡು, ತಮ್ಮ ಊರಿಗೆ ಹೊಂದಿಸಿಕೊಂಡು ಬಳಸಬಹುದು. ಯೂಟ್ಯೂಬಿನ ಎಲ್ಲ ವಿಡಿಯೋಗಳಿಗೂ ಈ ಸ್ವಾತಂತ್ರ್ಯ ಇರುವುದಿಲ್ಲ.

ನೋಡುವುದು ಬೇರೆ, ಮಾಡಿ ನೋಡುವುದು ಬೇರೆ

ವಿಡಿಯೋ ತಾನು ತೋರಿಸಬೇಕೆಂದುಕೊಂಡದ್ದನ್ನು ತೋರಿಸುತ್ತದೆ. ಸಿಮ್ಯುಲೇಶನ್ ಮಗು ಮಾಡಿದ್ದಕ್ಕೆ ಉತ್ತರ ಕೊಡುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಸಿಮ್ಯುಲೇಶನ್‌ಗಳು ಉಚಿತ. ಕೆಲವು ಕನ್ನಡದಲ್ಲೂ ಸಿಗುತ್ತವೆ. ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಪಾಠಕ್ಕೆ ಅದರಲ್ಲಿ ಬ್ಯಾಟರಿ, ಬಲ್ಬು, ತಂತಿ, ಅಮ್ಮೀಟರ್ ಜೋಡಿಸಿ ಮಂಡಲ ಕಟ್ಟಬಹುದು. ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಬೆಳಕು ಮಂಕಾಗುತ್ತದೆ. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಕಾಣುತ್ತದೆ. ಪ್ರಯೋಗಶಾಲೆಯಲ್ಲಿ ಮಾಡಬಾರದ ತಪ್ಪನ್ನು ಇಲ್ಲಿ ಮಾಡಿ ಕಲಿಯಬಹುದು.

ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ರೂಪಿಸಿದ ‘ಜಿಯೋಜೀಬ್ರಾ’ ತಂತ್ರಾಂಶ ಗಣಿತದ ಮೇಷ್ಟ್ರುಗಳಿಗೆ ಅಚ್ಚುಮೆಚ್ಚು. ತ್ರಿಭುಜದ ಶೃಂಗವನ್ನು ಎತ್ತ ಎಳೆದರೂ ಒಳಕೋನಗಳ ಮೊತ್ತ 180 ಡಿಗ್ರಿಯೇ. “ಯಾಕೆ ಹೀಗೆ?” ಎಂದು ಮಕ್ಕಳು ಕೇಳಿದರೆ ಆಗ ಸಾಧನೆಯ ಹಂತಗಳನ್ನು ಕರಿಹಲಗೆಯ ಮೇಲೆ ಬರೆಯಬೇಕು. ಎಳೆದು ನೋಡಿದ್ದು ಸಾಧನೆಯಲ್ಲ, ಸಾಧನೆಯ ಹಸಿವು.

ಎಷ್ಟು ಉದ್ದ, ಹೇಗೆ ಬಳಕೆ?

‘ಎಡೆಕ್ಸ್’ ಆನ್‌ಲೈನ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ನಿಮಿಷದೊಳಗಿನ ವಿಡಿಯೋಗಳೇ ನೋಡುಗರನ್ನು ಹೆಚ್ಚು ಹಿಡಿದಿಟ್ಟವು. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಸಂಶೋಧನೆಯೂ ಪಾಠವನ್ನು ತುಂಡುತುಂಡಾಗಿ ಕೊಡಬೇಕು, ಅಲಂಕಾರದ ಸಂಗೀತ, ಚಿತ್ರಗಳನ್ನು ಕಿತ್ತುಹಾಕಬೇಕು ಎನ್ನುತ್ತದೆ. ತರಗತಿಗೆ ಇವುಗಳಿಂದ ದೊರೆಯುವ ಸೂತ್ರಗಳು ಸರಳ:

- ಮೊದಲು ಪ್ರಶ್ನೆ, ಆಮೇಲೆ ವಿಡಿಯೋ. ಏನನ್ನು ಗಮನಿಸಬೇಕೆಂದು ತಿಳಿದಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ.
- ನಿಲ್ಲಿಸುವ ಜಾಗಗಳನ್ನು ಹಿಂದಿನ ದಿನವೇ ಗುರುತು ಮಾಡಿಕೊಳ್ಳುವುದು.
- ಮುಂದೇನಾಗುತ್ತದೆ ಎಂದು ಮಕ್ಕಳಿಂದ ಹೇಳಿಸಿ, ನೋಟ್ಸಿನಲ್ಲಿ ಬರೆಸಿ, ಆಮೇಲೆ ತೋರಿಸುವುದು.
- ಇಂಗ್ಲಿಷ್ ವಿಡಿಯೋ ಆದರೆ ಸದ್ದು ನಿಲ್ಲಿಸಿ, ವಿವರಣೆಯನ್ನು ಕನ್ನಡದಲ್ಲಿ ಶಿಕ್ಷಕರೇ ಕೊಡುವುದು.

ಊರಿನದೇ ಒಂದು ಪಾಠ

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠಕ್ಕೆ ಭದ್ರಾವತಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೂಡಿದ ಇಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಮರದ ಇದ್ದಿಲು ಅಲ್ಲಿ ಒಂದಾದವು.

ಉರಿಯುವ ಕುಲುಮೆಯೊಳಗೆ ಯಾರೂ ಇಣುಕಲಾರರು. ಅನಿಮೇಶನ್ ಅದನ್ನು ತೋರಿಸಬಲ್ಲದು. ಮೇಲಿನಿಂದ ಅದಿರು, ಇದ್ದಿಲು, ಸುಣ್ಣದ ಕಲ್ಲು ಬೀಳುತ್ತವೆ. ಕೆಳಗಿನಿಂದ ಬಿಸಿಗಾಳಿ ನುಗ್ಗುತ್ತದೆ. ಇಲ್ಲಿ ನಿಲ್ಲಿಸಿ ಕೇಳಬೇಕು: ಇದ್ದಿಲು ಬರೀ ಕಾವಿಗೋ, ಬೇರೆ ಕೆಲಸವೂ ಉಂಟೋ? ಮುಂದಿನ ತುಣುಕಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅದಿರಿನ ಆಕ್ಸಿಜನ್ನನ್ನು ಸೆಳೆದುಕೊಳ್ಳುವುದು ಕಾಣುತ್ತದೆ. ಸುಣ್ಣದ ಕಲ್ಲು ಏಕೆ? ಕಲ್ಮಶವನ್ನು ಕಿಟ್ಟವಾಗಿಸಿ ಬೇರ್ಪಡಿಸಲು. ಆ ಸಂಜೆ ಮಗು ಕಾರ್ಖಾನೆಯಲ್ಲಿ ದುಡಿದ ಅಜ್ಜನನ್ನೋ ನೆರೆಮನೆಯವರನ್ನೋ ಕೇಳಿ ಬಂದರೆ ಪಾಠ ಪೂರ್ತಿಯಾದಂತೆ. ಯಾವ ವಿಡಿಯೋದಲ್ಲೂ ಇರದ ವಿವರ ಅವರ ಬಳಿ ಇರುತ್ತದೆ.

ನೆಟ್‌ವರ್ಕ್ ಇಲ್ಲದಲ್ಲಿ

ಶಿವಮೊಗ್ಗ, ಭದ್ರಾವತಿ ಪೇಟೆಗಳನ್ನು ದಾಟಿ ಹೊಸನಗರ, ತೀರ್ಥಹಳ್ಳಿ, ಸಾಗರದ ಗುಡ್ಡಗಳ ನಡುವೆ ಹೋದರೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟಿನ ಕಥೆಯೂ ಹಾಗೆಯೇ. ದೀಕ್ಷಾ ಪಾಠಗಳನ್ನೂ ಫೆಟ್ ಸಿಮ್ಯುಲೇಶನ್‌ಗಳನ್ನೂ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಪೆನ್‌ಡ್ರೈವ್, ಚಾರ್ಜ್ ಆದ ಲ್ಯಾಪ್‌ಟಾಪ್, ಒಂದು ಸ್ಪೀಕರ್ ಇದ್ದರೆ ಇಂಟರ್‌ನೆಟ್ ಇಲ್ಲದೆಯೂ ಪಾಠ ನಡೆಯುತ್ತದೆ. ವಿಡಿಯೋವನ್ನು ಮನೆಗೆಲಸವಾಗಿ ಕೊಡುವ ಮುನ್ನ ಮಾತ್ರ ಯೋಚಿಸಬೇಕು. ಮನೆಯಲ್ಲಿ ಮೊಬೈಲ್ ಇಲ್ಲದ ಮಗು ಅದರಿಂದ ಹಿಂದೆ ಬೀಳಬಾರದು.

ಶಿಕ್ಷಕರ ಸ್ಥಾನ

ಬಾನುಲಿ ಪಾಠದಲ್ಲಿ ಬಿಡುವನ್ನು ರೂಪಿಸಿದವರು ಕಾರ್ಯಕ್ರಮ ತಯಾರಕರು. ಎಲ್ಲ ಶಾಲೆಗೂ ಒಂದೇ ಅಳತೆ. ಈಗ ಆ ಅಧಿಕಾರ ತರಗತಿಯ ಶಿಕ್ಷಕರ ಬೆರಳ ತುದಿಯಲ್ಲಿದೆ. ಹಿಂದಿನ ಬೆಂಚಿನ ಹುಡುಗಿಗೆ ಅರ್ಥವಾಗುವವರೆಗೆ ಅವರು ಕಾಯಬಲ್ಲರು, ಹಿಂದಕ್ಕೆ ಹೋಗಿ ಮತ್ತೆ ತೋರಿಸಬಲ್ಲರು. ಆದ್ದರಿಂದ ಶಾಲೆಗಳಿಗೆ ಟಿವಿ, ಟ್ಯಾಬ್ ಕೊಡುವವರು ಅಷ್ಟಕ್ಕೇ ನಿಲ್ಲದೆ, ಶಿಕ್ಷಕರಿಗೆ ವಿಡಿಯೋ ಮೊದಲೇ ನೋಡಿ ಪ್ರಶ್ನೆ ಸಿದ್ಧಪಡಿಸಿಕೊಳ್ಳುವ ಸಮಯವನ್ನೂ ತರಬೇತಿಯನ್ನೂ ಕೊಡಬೇಕು. ಅದಕ್ಕೆ ಹಾಕುವ ಹಣವೇ ಉಪಕರಣಕ್ಕೆ ಹಾಕಿದ ಹಣವನ್ನು ಸಾರ್ಥಕಗೊಳಿಸುತ್ತದೆ.