ದೀವರ ಹೆಣ್ಣುಮಕ್ಕಳ ಚಿತ್ತಾರ

ಶಿವಮೊಗ್ಗ ಸೀಮೆಯ ಸಾಗರ, ಸೊರಬ, ಹೊಸನಗರ ಪ್ರಾಂತಗಳಲ್ಲಿಯೂ ಅವುಗಳಿಗೆ ಹೊಂದಿಕೊಂಡ ಸಿದ್ದಾಪುರದ ಕಡೆಯಲ್ಲಿಯೂ ನೆಲೆಸಿರುವ ದೀವರ ಸಮುದಾಯದ ಮನೆಗಳಲ್ಲಿ, ಮಣ್ಣುಗೋಡೆಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಬಿಳಿಯ ಎಳೆಗಳಿಂದ ಚಿತ್ತಾರ ಬರೆಯುವ ಕಲೆಯು ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಸಂದು, ತಲೆಮಾರುಗಳುದ್ದಕ್ಕೂ ಸ್ತ್ರೀಯರ ಕೈಯಲ್ಲಿಯೇ ಬೆಳೆದುಬಂದಿದೆ. ಇದಕ್ಕೆ ಲಕ್ಷಣಗ್ರಂಥವಿಲ್ಲ, ರಾಜಾಶ್ರಯವೂ ಇರಲಿಲ್ಲ. ಈ ಕುಟುಂಬಗಳ ಗಂಡಸರ ಹೆಸರಾದರೂ ಹಳೆಯ ಕಡತಗಳಲ್ಲಿ ಗೇಣಿಯ ಬಾಕಿಯ ಪಕ್ಕದಲ್ಲಿ ದೊರೆತೀತು. ಹೆಂಗಸರ ಹೆಸರು ಅಲ್ಲಿ ದೊರೆಯುವುದು ದುರ್ಲಭ. ಅವರು ಏನನ್ನು ಕಂಡರು, ಯಾವುದನ್ನು ಪೂಜ್ಯವೆಂದು ಬಗೆದರು ಎಂಬುದನ್ನು ತಿಳಿಯಬೇಕಾದರೆ ಆ ಎಳೆಗಳನ್ನೇ ಓದಬೇಕು.

ವರ್ಣಗಳೆಲ್ಲವೂ ಮನೆಯಂಗಳದಲ್ಲಿಯೂ ಗದ್ದೆಯಲ್ಲಿಯೂ ಕಾಡಿನಲ್ಲಿಯೂ ದೊರೆತವು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಸೀದು ಕರಿಕಾಗುವಂತೆ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆಯ ಕಾಯಿ. ಕೆಂಪಿಗೆ ಕಾಲ ಕೆಳಗಿನ ನೆಲವೇ ಸಾಕು. ಒಂದೇ ಧಾನ್ಯದಿಂದ ಎರಡು ವಿರುದ್ಧ ವರ್ಣಗಳನ್ನು ಪಡೆದ ಆ ಅನಾಮಿಕ ಸ್ತ್ರೀಯರ ಬುದ್ಧಿಯನ್ನು ಎಷ್ಟು ಕೊಂಡಾಡಿದರೂ ಸಾಲದು. ಕುಂಚಕ್ಕೆ ಪುಂಡಿಯ ನಾರು: ಬಣ್ಣದಲ್ಲಿ ಅದ್ದಿದ ನಾರನ್ನು ಬೆರಳ ತುದಿಯಲ್ಲಿ ಹಿಡಿದು, ಉಸಿರನ್ನು ಬಿಗಿಹಿಡಿದವಳಂತೆ, ನಡುವೆ ನಿಲ್ಲಿಸದೆ, ಅಳತೆಗೋಲಿನ ಆಸರೆಯಿಲ್ಲದೆ ಎಳೆದ ಗೆರೆಯು ನೇರವಾಗಿ ಬಂದಾಗಲೇ ಅವಳು ಚಿತ್ತಾರಗಿತ್ತಿಯೆಂಬ ಹೆಸರಿಗೆ ಅರ್ಹಳು. ಬಣ್ಣದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತ ಹುಡುಗಿಗೆ ಬಾಯಿಮಾತಿನ ಪಾಠಕ್ಕಿಂತ ಆ ಕೈಯ ಚಲನೆಯೇ ದೊಡ್ಡ ಪಾಠವಾಗಿತ್ತು.

ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಣ ಗೋಡೆಯೇ ಈ ಕಲೆಯ ಮುಖ್ಯ ಪೀಠ. ಅಲ್ಲಿ ಎಳೆ, ನಿಲಿ, ನಿಲಿಕೊಚ್ಚು, ಬಾಸಿಂಗ ಮೊದಲಾದ ಮಾದರಿಗಳು ಒಂದರೊಳಗೊಂದು ಹೆಣೆದುಕೊಂಡು ಚೌಕಟ್ಟಾಗುತ್ತವೆ. ಭತ್ತದ ಸಸಿ, ಮರ, ಹಕ್ಕಿ, ಮದುವೆಯ ಜೋಡಿ, ಎಲ್ಲವೂ ಕೆಲವೇ ಗೆರೆಗಳಿಗೆ ಇಳಿದಿರುತ್ತವೆ. ಕಂಡದ್ದನ್ನು ಕಂಡಂತೆ ಬರೆಯುವ ಆಸೆ ಇಲ್ಲಿಲ್ಲ. ಗದ್ದೆಯಲ್ಲಿ ಸಾಲುಹಿಡಿದು ಸಸಿ ನೆಟ್ಟ ಕೈಗಳಿಗೆ ಗೋಡೆಯ ಮೇಲೆಯೂ ಸಾಲು ಸಹಜವಾಗಿ ಒಲಿಯಿತೆಂದು ನನಗೆ ತೋರುತ್ತದೆ.

ಭೂಮಿ ಹುಣ್ಣಿಮೆಯಲ್ಲಿ ಈ ನಂಟು ಇನ್ನೂ ಸ್ಪಷ್ಟವಾಗುತ್ತದೆ. ಆಶ್ವಯುಜ ಮಾಸದ ಆ ಹುಣ್ಣಿಮೆಗೆ ಭತ್ತದ ಪೈರು ಹೊಡೆದುಂಬಿ ಗರ್ಭವತಿಯಾಗಿರುತ್ತದೆ. ಅದು ಭೂತಾಯಿಗೆ ಸೀಮಂತದ ಕಾಲ. ಹಬ್ಬಕ್ಕೆ ಕೆಲವು ದಿನ ಮೊದಲೇ ಹೆಂಗಸರು ಬಿದಿರಿನ ಬುಟ್ಟಿಗೆ ಸೆಗಣಿಯನ್ನೂ ಕೆಮ್ಮಣ್ಣನ್ನೂ ಬಳಿದು, ಒಣಗಿದ ಮೇಲೆ ಅದರ ಮೈತುಂಬ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಬಗೆಬಗೆಯ ಸೊಪ್ಪುಗಳನ್ನು ಬೆರೆಸಿ ಬೇಯಿಸಿದ ಅಡುಗೆಯನ್ನು ಅದರಲ್ಲಿ ತುಂಬಿಸಿ, ಬೆಳಕು ಹರಿಯುವ ಮುನ್ನ ಗದ್ದೆಗೆ ಹೊತ್ತೊಯ್ದು ಪೈರಿನ ನಡುವೆ ಬೀರುತ್ತಾರೆ.

ಹೀಗೆ ಪೂಜೆಗೊಂಡ ನೆಲವು ಬಹುಕಾಲ ಪೂಜಿಸಿದವರದ್ದಾಗಿರಲಿಲ್ಲ. ಅವರಲ್ಲಿ ಬಹುಮಂದಿ ಗೇಣಿದಾರರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿಷಯದಲ್ಲಿ ಎದ್ದ ವಿವಾದವು 1951ರಲ್ಲಿ ಸಾಗರದ ಸಮೀಪದ ಕಾಗೋಡಿನಲ್ಲಿ ಸತ್ಯಾಗ್ರಹವಾಗಿ ಪರಿಣಮಿಸಿತು, ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿಯ ಒಡೆತನ ಕೊಡಿಸಿದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದುದು 1974ರಲ್ಲಿ. ಆ ಹೋರಾಟದ ಕಥನಗಳಲ್ಲಿ ಕೊಳಗಕ್ಕೆ ದೊರೆತ ಸ್ಥಾನ ಭೂಮಣ್ಣಿ ಬುಟ್ಟಿಗೆ ದೊರೆತಿಲ್ಲವೆಂಬುದು ನನಗೆ ನೋವಿನ ಸಂಗತಿ. ಪತ್ರದಲ್ಲಿ ಹಕ್ಕು ಬರೆಯಲ್ಪಡುವುದಕ್ಕೆ ಎಷ್ಟೋ ಮುಂಚೆ, ಈ ನೆಲ ನಮ್ಮ ತಾಯಿಯೆಂಬ ಮಾತನ್ನು ಹೆಂಗಸರು ವರುಷವರುಷವೂ ಆ ಬುಟ್ಟಿಯ ಮೇಲೆ ಬರೆಯುತ್ತಲೇ ಬಂದಿದ್ದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಅನೇಕ ಹಳ್ಳಿಗಳ ಮಣ್ಣುಗೋಡೆಗಳು ಮುಳುಗಿದವು. ಉಳಿದೆಡೆಗಳಲ್ಲಿ ಸಿಮೆಂಟು ಬಂದಿತು. ಮದುವೆಗಳೂ ಕಲ್ಯಾಣಮಂಟಪಗಳಿಗೆ ಸರಿದುದರಿಂದ ಹಸೆಗೋಡೆಯ ಚಿತ್ತಾರ ಅಪರೂಪವಾಯಿತು. ಕೆಲವು ಚಿತ್ತಾರಗಿತ್ತಿಯರು ಅದನ್ನು ಕಾಗದಕ್ಕೂ ಬಟ್ಟೆಗೂ ದಾಟಿಸಿ ಹೊರನಾಡಿಗೆ ಪರಿಚಯಿಸಿದ್ದಾರೆ. ಅದು ಶ್ಲಾಘನೀಯವಾದ ಕಾರ್ಯ. ಆದರೂ ಪರಂಪರೆಯ ಗಟ್ಟಿಯಾದ ಬೇರು ಭೂಮಣ್ಣಿ ಬುಟ್ಟಿಯಲ್ಲಿದೆಯೆಂದೇ ನನ್ನ ನಂಬಿಕೆ. ಮದುವೆಗೆ ಮಂಟಪ ಬಾಡಿಗೆಗೆ ಸಿಕ್ಕೀತು, ಪೈರಿನ ಬಯಕೆಯ ಊಟವನ್ನು ಮಾತ್ರ ಗದ್ದೆಗೇ ಒಯ್ಯಬೇಕು, ಆದುದರಿಂದ ಭತ್ತ ಬೆಳೆಯುವ ಮನೆಯಲ್ಲಿ ಪ್ರತಿ ಆಶ್ವಯುಜದಲ್ಲಿಯೂ ಯಾವಳಾದರೊಬ್ಬಳು ಪುಂಡಿನಾರನ್ನು ಹಿಡಿಯಲೇಬೇಕಾಗುತ್ತದೆ.