ಪೆಂಟಾಕ್ಸ್‌ನ ಮುಂದಿನ ಫುಲ್ ಫ್ರೇಮ್: ಹಳೇ ಕಥೆ ಏನು ಹೇಳುತ್ತೆ?

ಈ ವಾರದ ಮಾತಿನ ಬರಹರೂಪ ಇದು, ಇಯರ್‌ಫೋನ್ ಮರೆತು ವಿರಾರ್ ಲೋಕಲ್ ಹತ್ತಿದವರಿಗೆ.

ನಮ್ಮ ಬೊರಿವಲಿಯ ನ್ಯಾಷನಲ್ ಪಾರ್ಕ್ ಒಳಗೆ ಕನ್ಹೇರಿ ಗುಹೆಗಳಿವೆ. ಅಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ನಮ್ಮ ಅಮೋಘವರ್ಷನ ಹೆಸರಿದೆ. ಹೌದು, ಕವಿರಾಜಮಾರ್ಗದ ನೃಪತುಂಗನೇ. ಕನ್ನಡದವರು ಇಲ್ಲಿ ನಿನ್ನೆ ಮೊನ್ನೆ ಬಂದವರಲ್ಲ ಅಂತ ಹೇಳೋಕೆ ನಾನು ಇದನ್ನ ಆಗಾಗ ಬಳಸ್ತೀನಿ, ಇರ್ಲಿ. ಮೂರನೇ ಗುಹೆಯ ಜಗಲಿಯಲ್ಲಿ ಸುಮಾರು 7 ಮೀಟರ್ ಎತ್ತರದ ನಿಂತ ಬುದ್ಧ ಇದ್ದಾನೆ. ಅಪ್ಪ ಬ್ಯಾಂಕ್ ಕೆಲಸದ ಮೇಲೆ ಮುಂಬೈಗೆ ಬಂದ ಹೊಸದರಲ್ಲಿ, ಪೆಂಟಾಕ್ಸ್ ಕೆ1000 ಕ್ಯಾಮೆರಾಗೆ 28 ಮಿ.ಮೀ. ಲೆನ್ಸ್ ಹಾಕಿ ತೆಗೆದ ಫೋಟೋದಲ್ಲಿ ಆ ಬುದ್ಧ ಪಾದದಿಂದ ತಲೆವರೆಗೆ ಪೂರ್ತಿ ಇದ್ದಾನೆ. ನಾನು ಅದೇ ಜಾಗದಲ್ಲಿ ನಿಂತು, ಅದೇ ಲೆನ್ಸನ್ನ ನನ್ನ ಡಿಜಿಟಲ್ ಕೆ-ಎಕ್ಸ್‌ಗೆ ಹಾಕಿ ತೆಗೆದೆ. ತಲೆ ಬಂದರೆ ಪಾದ ಇಲ್ಲ, ಪಾದ ಬಂದರೆ ತಲೆ ಇಲ್ಲ. ಹಿಂದೆ ಸರಿಯೋಣ ಅಂದ್ರೆ ಕಲ್ಲಿನ ಗೋಡೆ.

ತಪ್ಪು ಲೆನ್ಸಿನದಲ್ಲ. ಫಿಲ್ಮ್ ಚೌಕಟ್ಟು 36×24 ಮಿ.ಮೀ.; ನನ್ನ ಕ್ಯಾಮೆರಾದ ಸೆನ್ಸರ್ ಸುಮಾರು 24×16. ಅಂಚಿನ ಚಿತ್ರ ಹೊರಗೇ ಉಳಿಯುತ್ತೆ, 28ರ ಲೆನ್ಸ್ 42ರ ಹಾಗೆ ಕಾಣುತ್ತೆ. ಅಪ್ಪನ ಲೆನ್ಸ್ ಪೂರ್ತಿ ಕೆಲಸ ಮಾಡಬೇಕಾದರೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್, ಅಂದ್ರೆ ಫುಲ್ ಫ್ರೇಮ್ ಬೇಕು.

ಇಂಥ ಕ್ಯಾಮೆರಾವನ್ನ ಪೆಂಟಾಕ್ಸ್ ಬಹಳ ಮೊದಲೇ ತೋರಿಸಿತ್ತು. 2000ದಲ್ಲಿ ಜರ್ಮನಿಯ ಕಲೋನ್ ನಗರದ ಫೋಟೊಕಿನಾ ಮೇಳದಲ್ಲಿ, ಫಿಲಿಪ್ಸ್ ಮಾಡಿದ 6 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಸೆನ್ಸರ್ ಇಟ್ಟ ಮಾದರಿ ಅದು. ಮುಂದಿನ ವರ್ಷ, 2001ರ ಅಕ್ಟೋಬರ್‌ನಲ್ಲಿ, ತಯಾರಿಕೆ ಖರ್ಚು ಕೈಗೆಟುಕಲ್ಲ ಅಂತ ಯೋಜನೆಯನ್ನೇ ಕೈಬಿಟ್ಟರು. ಅದೇ ಫಿಲಿಪ್ಸ್ ಸೆನ್ಸರ್ ಇದ್ದ ಕಾಂಟಾಕ್ಸ್ ಎನ್ ಡಿಜಿಟಲ್ 2002ರಲ್ಲಿ ಮಾರುಕಟ್ಟೆಗೆ ಬಂತು, ಹೆಚ್ಚು ದಿನ ಬಾಳಲಿಲ್ಲ.

ಖರ್ಚು ಯಾಕೆ ಅಷ್ಟು? ಸಿಲಿಕಾನ್ ಬಿಲ್ಲೆಯಿಂದ ಚಿಪ್ ಕತ್ತರಿಸೋವಾಗ ಚಿಪ್ ದೊಡ್ಡದಾದಷ್ಟೂ ಒಂದು ಬಿಲ್ಲೆಗೆ ಸಿಗೋ ಸಂಖ್ಯೆ ಕಡಿಮೆ, ಒಂದು ಕಲೆ ಬಿದ್ದರೆ ಹಾಳಾಗೋ ಪಾಲು ಜಾಸ್ತಿ. ಮೇಲಾಗಿ 36 ಮಿ.ಮೀ. ಅಗಲದ ಚಿಪ್ಪು ಅಚ್ಚು ಯಂತ್ರದ ಒಂದು ಹೊಡೆತಕ್ಕೆ ಹಿಡಿಸ್ತಿರಲಿಲ್ಲ. ತುಂಡು ತುಂಡಾಗಿ ಮೂಡಿಸಿ ಹೊಲಿದ ಹಾಗೆ ಜೋಡಿಸಬೇಕಿತ್ತು. ಕ್ಯಾನನ್ ತನ್ನ ಸೆನ್ಸರನ್ನ ತಾನೇ ಮಾಡಿಕೊಂಡು 2002ರಲ್ಲಿ 1ಡಿಎಸ್ ತಂತು. ನಿಕಾನ್ ಕೂಡ ಡಿ3 ತರೋಕೆ 2007ರ ತನಕ ಕಾಯ್ತು. ಸ್ವಂತ ಸೆನ್ಸರ್ ಕಾರ್ಖಾನೆ ಇಲ್ಲದ ಪೆಂಟಾಕ್ಸ್ 2003ರಲ್ಲಿ ಸಣ್ಣ ಸೆನ್ಸರಿನ ಇಸ್ಟ್ ಡಿ ಬಿಟ್ಟು ಸಮಾಧಾನ ಪಟ್ಟುಕೊಳ್ತು.

ಆಮೇಲೆ ಸುಮಾರು ಹದಿಮೂರು ವರ್ಷ ಅದರ ಅಭಿಮಾನಿಗಳು ಮಾಡಿದ್ದು ಊಹೆ. ಅದಕ್ಕೆ ಆಧಾರವೂ ಇತ್ತು ಅನ್ನಿ. 1997ರಲ್ಲಿ ಬಂದ 43 ಮಿ.ಮೀ. ಲೆನ್ಸನ್ನ ಕಂಪನಿ ಮಾರುತ್ತಲೇ ಇತ್ತು. 36×24ರ ಕರ್ಣ ಲೆಕ್ಕ ಹಾಕಿ, ಸರಿಯಾಗಿ 43.27 ಬರುತ್ತೆ! ಆದರೆ ಒಡೆತನ ನಿಲ್ಲಲಿಲ್ಲ. ಮೊದಲು ಹೋಯಾ ಕೈಗೆ, 2011ರಲ್ಲಿ ರೀಕೋ ಕೈಗೆ ಹೋಯ್ತು. ಎರಡೆರಡು ಸಲ ಕಂಪನಿ ಕೈ ಬದಲಾದ್ರೆ ರೋಡ್‌ಮ್ಯಾಪ್ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಕೊನೆಗೆ 2016ರ ಫೆಬ್ರವರಿಯಲ್ಲಿ 36 ಮೆಗಾಪಿಕ್ಸೆಲ್ ಕೆ-1 ಪ್ರಕಟವಾಯ್ತು. ಅಷ್ಟೊತ್ತಿಗೆ ಸೋನಿ ಎ7 ಬಂದು ಎರಡು ವರ್ಷ ದಾಟಿತ್ತು, ಜನ ಕನ್ನಡಿಯಿಲ್ಲದ ಕ್ಯಾಮೆರಾ ಕಡೆ ತಿರುಗಿದ್ದರು.

ಈಗ ಪ್ರಶ್ನೆ: ಕೆ-1 ಮಾರ್ಕ್ 3 ಬರುತ್ತಾ? ಮಾರ್ಕ್ 2 ಬಂದದ್ದು 2018ರಲ್ಲಿ. ಆಮೇಲೆ ಕಂಪನಿಯ ಶ್ರಮ ಸಣ್ಣ ಸೆನ್ಸರಿನ ಕೆ-3 ಮಾರ್ಕ್ 3ಕ್ಕೆ, 2023ರ ಅದರ ಕಪ್ಪು-ಬಿಳುಪು ಆವೃತ್ತಿಗೆ, 2024ರ ಫಿಲ್ಮ್ ಕ್ಯಾಮೆರಾ ಪೆಂಟಾಕ್ಸ್ 17ಕ್ಕೆ ಹೋಗಿದೆ. ನನ್ನ ಊಹೆ ಕೇಳಿದ್ರೆ, ಬಂದರೂ ತಡವಾಗಿ ಬರುತ್ತೆ, ಕಡಿಮೆ ಸಂಖ್ಯೆಯಲ್ಲಿ ಬರುತ್ತೆ. ಈ ಕಂಪನಿಗೆ ಇಚ್ಛೆಯ ಕೊರತೆ ಎಂದೂ ಇರಲಿಲ್ಲ. ಕೈಗೆಟುಕುವ ಬೆಲೆಗೆ ಬೇರೆಯವರ ಸೆನ್ಸರ್ ಸಿಕ್ಕಾಗ ಮಾತ್ರ ಅದು ಹೆಜ್ಜೆ ಇಟ್ಟಿದೆ.

ಫೋರ್ಟಿನ ಬೋರಾ ಬಜಾರ್‌ನ ಒಂದು ಅಂಗಡಿಯಲ್ಲಿ ಅಪ್ಪನ ಮೂರು ಲೆನ್ಸ್ ತೋರಿಸಿದೆ. ಅವರು ಹೇಳಿದ ಬೆಲೆಗೆ ಒಂದು ಒಳ್ಳೆ ಕ್ಯಾಮೆರಾ ಚೀಲವೂ ಬರಲ್ಲ. ಅಡಾಪ್ಟರ್ ಹಾಕಿ ಸೋನಿಗೆ ಸಿಕ್ಕಿಸ್ಕೋ ಅಂತ ಆಫೀಸಿನ ಗೆಳೆಯರ ಸಲಹೆ. ಅದೂ ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ 1975ರಲ್ಲಿ ಶುರುವಾದ ಕೆ-ಮೌಂಟಿನ ಲೆನ್ಸ್ ಕೆ-1ಕ್ಕೆ ನೇರ ಕೂರುತ್ತೆ. ಫೋಕಲ್ ಲೆಂತ್ ನಮೂದಿಸಿದ್ರೆ ಕೈ ನಡುಕ ತಡೆಯೋ ವ್ಯವಸ್ಥೆಯೂ ಅದಕ್ಕೆ ಸಿಗುತ್ತೆ. ಕನ್ಹೇರಿಯಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ.

ಮಾರ್ಕ್ 3ಕ್ಕೆ ಕಾಯೋದು ಬಿಟ್ಟೆ. ಪುಣೆಯ ಒಬ್ಬರ ಹತ್ತಿರ ಬಳಸಿದ ಕೆ-1 ಇದೆ, ಶನಿವಾರ ಹೋಗಿ ನೋಡ್ತೀನಿ. ಒಪ್ಪಿಗೆಯಾದರೆ ಭಾನುವಾರ ಬೆಳಿಗ್ಗೆ ಮೂರನೇ ಗುಹೆ. ಬರೋರಿದ್ದರೆ ತಿಳಿಸಿ, ಸೋಮವಾರ ಗುಹೆಗಳಿಗೆ ರಜೆ.